ದ್ಯಾಮಣ್ಣನ ನಾಡಿ

ನಮ್ಮ ಕೆಂಪುಗುಡ್ಡ ವಿಶ್ವವಿದ್ಯಾಲಯದಲ್ಲಿ ಮೂವತ್ತೆಂಟು ವಿಭಾಗಗಳಿವೆ. ಕಾರು ನಿಲ್ಲಿಸುವಷ್ಟು ನೆರಳು ಕೊಡುವ ಮರಗಳು ಮಾತ್ರ ಹನ್ನೊಂದು. ಗ್ರಂಥಾಲಯದ ಮುಂದಿನ ಬೇವಿನ ಮರದ ಸಲುವಾಗಿ ಸಮಾಜಶಾಸ್ತ್ರದ ಮುಖ್ಯಸ್ಥರೂ ರಸಾಯನಶಾಸ್ತ್ರದ ಮುಖ್ಯಸ್ಥರೂ ನಾಲ್ಕು ವರ್ಷ ಮಾತು ಬಿಟ್ಟಿದ್ದರು. ಅವರಲ್ಲೊಬ್ಬರು ಬೆಳಿಗ್ಗೆ ಆರಕ್ಕೇ ಕಾರು ತಂದು ನೆರಳಲ್ಲಿ ನಿಲ್ಲಿಸಿ, ಮನೆಗೆ ನಡೆದು ಹೋಗಿ ಸ್ನಾನ, ತಿಂಡಿ ಮುಗಿಸಿ, ಮತ್ತೆ ನಡೆದೇ ಪಾಠಕ್ಕೆ ಬರುತ್ತಿದ್ದರು. ಅವರ ಹೆಸರು ಹೇಳುವುದಿಲ್ಲ, ಇನ್ನೂ ನನ್ನ ಪಕ್ಕದ ಮನೆಯಲ್ಲೇ ಇದ್ದಾರೆ.

ಇದರ ಮೇಲೆ ಹೊರಗಿನವರ ಕಾಟ ಬೇರೆ. ಡ್ರೈವಿಂಗ್ ಕಲಿಯುವವರು ಬರುತ್ತಿದ್ದರು, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಬರುತ್ತಿದ್ದವು. ನಮ್ಮಲ್ಲಿ ಗಾಡಿ ಬಿಟ್ಟು ಬಸ್ಸು ಹತ್ತಿ ಊರಿಗೆ ಹೋಗುವ ಜಾಣರೂ ಇದ್ದರು. ಸ್ಟಿಕರ್ ಮಾಡಿದೆವು, ಪಾಸು ಮಾಡಿದೆವು. ಎದುರಿನ ಝೆರಾಕ್ಸ್ ಅಂಗಡಿಯವನು ನಮ್ಮ ಪಾಸನ್ನು ನಮಗಿಂತ ಚೆನ್ನಾಗಿ ಮಾಡಿಕೊಡುತ್ತಿದ್ದ. ಯಾರನ್ನಾದರೂ ತಡೆದರೆ ಐದು ನಿಮಿಷದೊಳಗೆ ಯಾರೋ ದೊಡ್ಡವರ ಫೋನು ಬರುತ್ತಿತ್ತು.

ನಾನು ಇಂದುಮತಿ ಹಾವನೂರ, ಇಲೆಕ್ಟ್ರಾನಿಕ್ಸ್ ಪ್ರಾಧ್ಯಾಪಕಿ. ವಾಹನ ಸಮಿತಿಗೆ ನಾನು ಅಧ್ಯಕ್ಷೆಯಾದದ್ದು ಅದನ್ನು ರಚಿಸಿದ ಸಭೆಗೆ ತಡವಾಗಿ ಹೋದ ತಪ್ಪಿಗೆ. ಒಪ್ಪಿಕೊಂಡ ಮೇಲೆ ಅರ್ಧಂಬರ್ಧ ಮಾಡುವ ಜಾಯಮಾನ ನನ್ನದಲ್ಲ. ಒಂದು ವಾರ ಮುಖ್ಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಅಲ್ಲಿ ನಡೆಯುತ್ತಿದ್ದ ಏಕೈಕ ವ್ಯವಸ್ಥೆ ಎಂದರೆ ದ್ಯಾಮಣ್ಣ.

ಇಪ್ಪತ್ತಾರು ವರ್ಷ ಅದೇ ಗೇಟು ಕಾದವನು. ಗಾಡಿ ನಿಂತು ಗಾಜು ಇಳಿಯುವುದರೊಳಗೆ ಅವನಿಗೆ ಗೊತ್ತಾಗುತ್ತಿತ್ತು, ಒಳಗಿರುವವನು ನಿಜ ಹೇಳುತ್ತಾನೋ ಸುಳ್ಳು ಹೇಳುತ್ತಾನೋ ಎಂದು. "ಪರೀಕ್ಷಾ ವಿಭಾಗಕ್ಕೆ" ಎಂದು ಬಾಯಿ ತೆರೆದವನಿಗೆ, "ಗಾಡಿ ತಿರುಗಸ್ರಿ" ಎನ್ನುತ್ತಿದ್ದ. ಹಿಂದಿನ ಸೀಟಿನಲ್ಲಿ ಮದುವೆಯ ಹೂಮಾಲೆ ಸಿಗುತ್ತಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಗೊತ್ತಾಕ್ಕೇತ್ರಿ ಮೇಡಮ್ಮಾರ. ಎದಿ ಡವ್ ಅಂತೈತಿ" ಎಂದ.

ನನ್ನ ತಲೆಯೊಳಗೆ ಹುಳ ಬಿಟ್ಟದ್ದು ಈ ಮಾತು. ಎದೆ ಡವ್ ಎನ್ನುವುದನ್ನು ಅಳೆಯಬಹುದು. ಗೇಟಿನಲ್ಲಿ ನಿಂತವನ ಸಂಶಯವನ್ನೇ ಒಂದು ಯಂತ್ರಕ್ಕೆ ಕಲಿಸಿಬಿಟ್ಟರೆ?

ವಿಧಾನ ಸರಳ. ದ್ಯಾಮಣ್ಣನ ಎಡಗೈಗೆ ಒಂದು ಪಟ್ಟಿ, ಅದು ನಾಡಿಯನ್ನೂ ಅಂಗೈ ಬೆವರನ್ನೂ ಗುರುತಿಸುತ್ತದೆ. ಅವನ ತಲೆಯ ಮೇಲೊಂದು ಕ್ಯಾಮೆರಾ, ಅದು ಬಂದವರ ಮುಖ, ದನಿ, ಕಣ್ಣಿನ ಚಲನೆಯನ್ನು ಹಿಡಿಯುತ್ತದೆ. ಎಂಥ ಮುಖಕ್ಕೆ ಎಂಥ ನಾಡಿ ಎಂಬುದನ್ನು ಯಂತ್ರ ಕಲಿಯುತ್ತ ಹೋಗುತ್ತದೆ. ಅವನು ಯಾರನ್ನು ಬಿಟ್ಟ, ಯಾರನ್ನು ತಡೆದ ಎಂಬುದನ್ನಷ್ಟೇ ನಂಬುವಂತಿರಲಿಲ್ಲ. ಶಾಸಕರ ಅಳಿಯನನ್ನು ಅವನು ಹೆದರಿಕೆಗೆ ಬಿಟ್ಟಿರುತ್ತಿದ್ದ. ಆದ್ದರಿಂದ, ತಡೆದಿದ್ದೂ ಹೌದು, ನಾಡಿ ಜಿಗಿದಿದ್ದೂ ಹೌದು ಎಂದಾದರೆ ಮಾತ್ರ ಅದು ನಿಜವಾದ ಸಂಶಯ. ಜಿಗಿತ ಹೆಚ್ಚಿದಷ್ಟೂ ಸಂಶಯ ಹೆಚ್ಚು ಎಂದು ಗೊತ್ತುಮಾಡಿದೆ. ಬಾಯಿ ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ ಎಂದು ಸಮಿತಿಗೆ ಬರೆದುಕೊಟ್ಟೆ. ಆ ವಾಕ್ಯ ಎಲ್ಲರಿಗೂ ಹಿಡಿಸಿತು.

ಹದಿನಾಲ್ಕು ತಿಂಗಳು ದ್ಯಾಮಣ್ಣ ಆ ಪಟ್ಟಿ ಕಟ್ಟಿಕೊಂಡು ನಿಂತ. ಕೊನೆಯ ವಾರದಲ್ಲಿ ಪಟ್ಟಿ ಕೆಟ್ಟಾಗ, ಬದಲಾಯಿಸಲು ಅವನ ಕ್ವಾರ್ಟರ್ಸಿಗೆ ನಾನೇ ಹೋಗಿದ್ದೆ. ಗೇಟಿನಿಂದ ಅದು ಒಂದೂವರೆ ಕಿಲೋಮೀಟರು ದೂರ, ಆರೋಗ್ಯ ಕೇಂದ್ರದ ಹಿಂದೆ. ಅವನ ಹೆಂಡತಿ ಬಾಳವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಹಾಸ್ಟೆಲ್ ಮೆಸ್ಸಿಗೆ ದಿನಕ್ಕೆ ಇನ್ನೂರು ರೊಟ್ಟಿ ಅವಳೇ ಕೊಡುತ್ತಿದ್ದದ್ದು. ಹೊಗೆಯಲ್ಲಿ ಕುಳಿತು ಕುಳಿತು ದಮ್ಮು ಹತ್ತಿತ್ತು, ಮಾತಿನ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು.

"ಬರ್ರಿ ಮೇಡಮ್ಮಾರ, ಕುಂದರ್ರಿ. ಈ ಪಟ್ಟಿ ಕಟ್ಟಿದಾಗಿಂದ ಇವ್ರದು ಭಾಳ ಆಗೇತ್ರಿ. ಮನ್ಯಾಗ ಬರೂಮುಂದ ನನಗೂ ಪಾಸ್ ಕೇಳ್ತಾರ."

"ಅಕಿ ಮಾತ ಏನ ಕೇಳ್ತೀರಿ ಬಿಡ್ರಿ" ಎಂದ ದ್ಯಾಮಣ್ಣ, ನನಗೆ ಕೈ ಚಾಚಿ ಕೊಟ್ಟು.

"ಸುಳ್ಳ ಏನ್ರಿ? ಮಂಗಳವಾರ, ಶನಿವಾರ ಗಿರಣಿಗೆ ಹೋಗಿ ಹಿಟ್ಟಿನ ಚೀಲಾ ಆಟೋದಾಗ ಹಾಕ್ಕೊಂಡ ಬರ್ತೇನ್ರಿ. ಮಂದಿ ಆಟೋ ಎಲ್ಲಾ ಬಿಡ್ತಾರ, ನಂದಷ್ಟ ನಿಂದರಸ್ತಾರ. ಅಲ್ಲಿಂದ ಇಲ್ಲೀತನಾ ಚೀಲಾ ಹೊತ್ಕೊಂಡು ನಡೀಬೇಕ್ರಿ."

ನಾನು ದ್ಯಾಮಣ್ಣನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ.

"ಹೆಂಡ್ತಿ ಅಂತ ಬಿಟ್ರ ಮಂದಿ ಏನಂತಾರ್ರೀ? ಒಮ್ಮಿ ನನ್ನ ಮಾವನ ಮಗನ ಟೆಂಪೋ ಬಿಟ್ಟಿದ್ದಕ್ಕ ಮೆಮೋ ಕೊಟ್ಟು, ಅದನ್ನ ಒಂದ ತಿಂಗಳ ಬೋರ್ಡಿಗೆ ಹಚ್ಚಿದ್ರು. ಸಣ್ಣ ಸಣ್ಣ ಹುಡುಗೂರೂ ಓದಿ ನಕ್ರು. ಅವತ್ತ ಆಣಿ ಮಾಡೇನ್ರಿ, ನಮ್ಮವರು ಅಂದ್ರ ನಡಕೋತನ ಹೋಗಬೇಕು."

"ಹಗಲೆಲ್ಲಾ ಕಾಯ್ದೆ ಹೇಳ್ತಾರ್ರೀ" ಎಂದು ಬಾಳವ್ವ ರೊಟ್ಟಿ ತಿರುವಿ ಹಾಕಿದಳು. "ಸಂಜಿಮುಂದ ಬಂದು ತಾವ ಕಾಲ ಒತ್ತತಾರ. ಅದಕ್ಕ ಪಾಸ್ ಬ್ಯಾಡಂತ."

ದ್ಯಾಮಣ್ಣ ನಾಚಿಕೊಂಡು ಎದ್ದು ಹೊರಗೆ ಹೋದ. ನಾವಿಬ್ಬರೂ ನಕ್ಕೆವು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಮರುದಿನ ನನ್ನ ಮನೆಗೂ ಹತ್ತು ರೊಟ್ಟಿ ಕಳಿಸಿದ್ದಳು.

ಆ ವಾರ ಪ್ರಯೋಗಾಲಯದಲ್ಲಿ ಕುಳಿತು ಹದಿನಾಲ್ಕು ತಿಂಗಳ ನಾಡಿಯ ರೇಖೆಗಳನ್ನು ನೋಡುತ್ತಿದ್ದೆ. ಮುಖಗಳನ್ನು ನೋಡುವಂತಿರಲಿಲ್ಲ, ಅದು ನೈತಿಕ ಸಮಿತಿಯ ಷರತ್ತು. ಪ್ರತಿ ಮುಖಕ್ಕೂ ಒಂದು ಸಂಖ್ಯೆ ಅಷ್ಟೇ. ದ್ಯಾಮಣ್ಣನ ನಾಡಿ ಸಾಮಾನ್ಯವಾಗಿ ಎಪ್ಪತ್ತೊಂದು. ಸುಳ್ಳುಗಾರರು ಬಂದಾಗ ತೊಂಬತ್ತು, ತೊಂಬತ್ತೈದು. ಆದರೆ ಒಂದು ಸಂಖ್ಯೆ, ನಾಲ್ಕು ಸಾವಿರದ ನಾನೂರ ಹದಿನೇಳು, ಬಂದಾಗೆಲ್ಲ ನೂರ ಹದಿನೆಂಟಕ್ಕೆ ಏರುತ್ತಿತ್ತು. ಅಂಗೈ ಬೆವರಿನಿಂದ ಒದ್ದೆ. ಗಾಡಿಯನ್ನು ತಡೆದದ್ದು ನೂರಕ್ಕೆ ನೂರು ಸಲ.

ಇಷ್ಟು ಶುದ್ಧವಾದ ಸಂಶಯ ಇಡೀ ಸಂಗ್ರಹದಲ್ಲಿ ಮತ್ತೊಂದಿರಲಿಲ್ಲ. ಯಾರೋ ಪಕ್ಕಾ ಕಳ್ಳ ಇರಬೇಕು ಎಂದುಕೊಂಡೆ. ಬರುತ್ತಿದ್ದದ್ದು ಮಂಗಳವಾರ, ಶನಿವಾರ. ಹಿಟ್ಟಿನ ಚೀಲದ ಮಾತು ಕೇಳಿ ನನಗೆ ಒಂದು ವಾರವೂ ಆಗಿರಲಿಲ್ಲ. ಅದೂ ಇದೂ ಕೂಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಮಾದರಿ ಅಂದರೆ ಹೀಗಿರಬೇಕು ಎಂದು ಖುಷಿಯಾಗಿ, ಆ ಸಂಖ್ಯೆಗೆ ಉಳಿದವರಿಗಿಂತ ಹತ್ತು ಪಟ್ಟು ತೂಕ ಕೊಟ್ಟು ಯಂತ್ರಕ್ಕೆ ಉಣಿಸಿದೆ.

ನಾಲ್ಕೂ ಗೇಟಿಗೆ ಯಂತ್ರ ಬಂತು. ನೆಲದಿಂದ ಏಳುವ ಕಬ್ಬಿಣದ ಗೂಟಗಳು ಬಂದವು. ಗಾಡಿ ನಿಲ್ಲಿಸುವ ಪ್ರತಿ ಜಾಗಕ್ಕೂ ಚಕ್ರ ಕಚ್ಚಿ ಹಿಡಿಯುವ ಹಲ್ಲುಗಳು ಬಂದವು. ಯಂತ್ರ ಹೂಂ ಎಂದರೆ ಮಾತ್ರ ಬಿಡುತ್ತಿದ್ದವು. ಬಂದವರಿಗೆಲ್ಲ ಸೊನ್ನೆಯಿಂದ ನೂರರವರೆಗೆ ಸಂಶಯದ ಅಂಕ. ಅರವತ್ತು ದಾಟಿದರೆ ವಾಪಸು. ತೊಂಬತ್ತೈದು ದಾಟಿದರೆ ಆ ಗಾಡಿಯ ಹಿಂದೆ ಮುಂದೆ ಗೂಟ ಎದ್ದು ಅದನ್ನು ಅಲ್ಲೇ ಕಟ್ಟಿಹಾಕುತ್ತವೆ, ನಾಲ್ಕೂ ಗೇಟು ಮತ್ತು ಕಾಲ್ನಡಿಗೆಯ ಬಾಗಿಲು ಮುಚ್ಚುತ್ತವೆ, ಒಳಗಿನ ಯಾವ ಗಾಡಿಯೂ ಅಲುಗುವುದಿಲ್ಲ. ಹದಿನೈದು ನಿಮಿಷ. ಆ ಹದಿನೈದು ನಿಮಿಷ ಯಾರೂ, ಕುಲಪತಿಗಳೂ, ನಾನೂ, ಅದನ್ನು ತೆರೆಯುವಂತಿಲ್ಲ. ಈ ನಿಯಮ ನನ್ನದೇ. ತೆರೆಯುವ ಅಧಿಕಾರ ಒಬ್ಬರ ಕೈಯಲ್ಲಿದ್ದರೂ ಸಾಕು, ಅವರಿಗೆ ಫೋನು ಬಂದೇ ಬರುತ್ತದೆ. ಶಿಫಾರಸಿನ ಬಾಯಿ ಮುಚ್ಚಿಸಿದ್ದಕ್ಕೆ ಕುಲಪತಿಗಳು ಮೇಜು ಕುಟ್ಟಿ ಮೆಚ್ಚಿದರು.

ದನಿಯೂ ದ್ಯಾಮಣ್ಣನದೇ. ಗಾಜಿನ ಕೋಣೆಯಲ್ಲಿ ಕೂರಿಸಿ ಅವನಿಂದ ನಾಲ್ಕಾರು ಮಾತು ಹೇಳಿಸಿ ತುಂಬಿಕೊಂಡಿದ್ದೆವು. "ಬರ್ರಿ." "ಗಾಡಿ ತಿರುಗಸ್ರಿ." "ಸುಳ್ಳ ಹೇಳಬ್ಯಾಡ್ರಿ, ಭಾಳ ಮಂದೀನ್ನ ನೋಡೇನಿ." ಸಮಿತಿ ಅದಕ್ಕೆ ಏನೋ ಸಂಸ್ಕೃತದ ಹೆಸರಿಟ್ಟಿತು. ಜನ ಮಾತ್ರ ಅದನ್ನೂ ದ್ಯಾಮಣ್ಣ ಎಂದೇ ಕರೆದರು.

ಆರು ತಿಂಗಳಲ್ಲಿ ಕ್ಯಾಂಪಸ್ಸು ಕನ್ನಡಿಯ ಹಾಗಾಯಿತು. ಬೇವಿನ ಮರದ ನೆರಳನ್ನು ಯಂತ್ರವೇ ದಿನ ಬಿಟ್ಟು ದಿನ ಇಬ್ಬರು ಮುಖ್ಯಸ್ಥರಿಗೂ ಹಂಚಿತು, ಅವರು ಮತ್ತೆ ಮಾತಾಡತೊಡಗಿದರು. ನನಗೆ ಪ್ರಶಸ್ತಿ ಬಂತು. ನಿಜವಾದ ದ್ಯಾಮಣ್ಣನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಇನ್ನು ಸಾಕು ಎಂದರು. ಒಂದು ತಿಂಗಳಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಬೇಕಾಯಿತು. ಹೆದ್ದಾರಿಯ ಆಚೆ, ಝೆರಾಕ್ಸ್ ಅಂಗಡಿಯ ಹಿಂದೆ ಒಂದು ಕೋಣೆ ಹಿಡಿದರು. ಬಾಳವ್ವ ಅಲ್ಲಿಂದಲೇ ರೊಟ್ಟಿ ಬುಟ್ಟಿ ಹೊತ್ತು ಕಾಲ್ನಡಿಗೆಯ ಬಾಗಿಲಿನಿಂದ ಬಂದು ಹೋಗುತ್ತಿದ್ದಳು. ಆ ಬಾಗಿಲಿಗೆ ಕ್ಯಾಮೆರಾ ಇರಲಿಲ್ಲ. ಗಾಡಿಯಲ್ಲಿ ಬರುವ ಪ್ರಸಂಗ ಅವಳಿಗೆ ಒದಗಲೇ ಇಲ್ಲ, ಆ ಫೆಬ್ರವರಿಯವರೆಗೆ.

ಅಂದು ಆರು ವಿಶ್ವವಿದ್ಯಾಲಯಗಳಿಂದ ಅತಿಥಿಗಳು ಬಂದಿದ್ದರು. ಅವರಿಗೂ ಇದೇ ಯಂತ್ರ ಬೇಕಿತ್ತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ನಿಂತು ವಿವರಿಸುತ್ತಿದ್ದೆ. ಗಂಟೆ ಬಡಿಯಿತು. ಮುಖ್ಯ ಗೇಟಿನಲ್ಲಿ ಒಂದು ಆಟೋ. ಅಂಕ ತೊಂಬತ್ತೆಂಟು.

"ನೋಡಿ, ನೋಡಿ" ಎಂದೆ. "ಇಷ್ಟು ದೊಡ್ಡ ಅಂಕ ಇದುವರೆಗೆ ಬಂದೇ ಇಲ್ಲ. ನೀವು ಅದೃಷ್ಟವಂತರು."

ಆಟೋದ ಹಿಂದೆ ಮುಂದೆ ಗೂಟಗಳು ಎದ್ದವು. ಒಳಗೆ ಒಬ್ಬ ಹೆಂಗಸು ಮೊಣಕಾಲಿನ ಮೇಲೆ ಬಾಗಿ ಕುಳಿತಿದ್ದಳು, ಹೆಗಲು ಮೇಲೆ ಕೆಳಗೆ ಆಗುತ್ತಿತ್ತು. ಯಂತ್ರ ತನ್ನ ರೂಢಿಯಂತೆ ಅವಳ ಮುಖವನ್ನು ಹತ್ತಿರ ಎಳೆದು ತೋರಿಸಿತು. ತೆರೆದ ಬಾಯಿ, ನೀಲಿಗಟ್ಟಿದ ತುಟಿ. ನಾನು ಅತಿಥಿಗಳಿಗೆ ತುಟಿಯ ಕಂಪನವನ್ನು ಯಂತ್ರ ಹೇಗೆ ಓದುತ್ತದೆ ಎಂದು ಹೇಳುತ್ತಿದ್ದೆ. ನನ್ನ ಕಣ್ಣು ಅಂಕದ ಮೇಲಿತ್ತು. ಅವಳ ಪಕ್ಕದ ಗಂಡಸು ಇಳಿದು ಓಡಿ ಬಂದು ಕ್ಯಾಮೆರಾದ ಮುಂದೆ ನಿಂತು ಕೈ ಮುಗಿದಾಗಲೇ ನಾನು ಮುಖ ನೋಡಿದ್ದು.

"ಯಾರರ ಕೇಳಾಕತ್ತೀರೇನ್ರಿ? ನಾ ದ್ಯಾಮಣ್ಣ ಅದೇನ್ರಿ. ಬಾಳವ್ವಗ ಉಸರ ಸಿಗವಲ್ದು. ಆರೋಗ್ಯ ಕೇಂದ್ರದತನಾ ಬಿಡ್ರಿ, ಆಕ್ಸಿಜನ್ ಹಚ್ಚಿದ್ರ ಆರಾಮ ಆಕ್ಕಾಳ."

"ಸುಳ್ಳ ಹೇಳಬ್ಯಾಡ್ರಿ" ಎಂದಿತು ಗೇಟು. "ಭಾಳ ಮಂದೀನ್ನ ನೋಡೇನಿ."

ತನ್ನ ದನಿಯನ್ನು ತಾನೇ ಕೇಳಿ ದ್ಯಾಮಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಅತಿಥಿಗಳಲ್ಲಿ ಒಬ್ಬರು ನಕ್ಕರು.

"ಇದು ಅಣಕು ಪ್ರದರ್ಶನವೇ ಮೇಡಂ?" ಎಂದು ಇನ್ನೊಬ್ಬರು ಕೇಳಿದರು.

ಪರದೆಯ ಮೂಲೆಯಲ್ಲಿ ಹದಿಮೂರು ನಿಮಿಷ ನಲವತ್ತು ಸೆಕೆಂಡು ಉಳಿದಿತ್ತು. ತೆರೆಯುವ ಗುಂಡಿ ಎಲ್ಲೂ ಇರಲಿಲ್ಲ, ಇರಬಾರದೆಂದು ಹಟ ಹಿಡಿದವಳು ನಾನೇ. ಇಲ್ಲ, ಇದು ನಿಜ, ಅವಳು ಸಾಯುತ್ತಿದ್ದಾಳೆ ಎಂದು ಹೇಳಬಹುದಿತ್ತು. ಎಲ್ಲರೂ ಗೇಟಿಗೆ ಓಡಬಹುದಿತ್ತು, ಗೋಡೆಯ ಮೇಲಿಂದಾದರೂ ಏನಾದರೂ ಮಾಡಬಹುದಿತ್ತು.

"ಹೌದು" ಎಂದೆ. "ನಿಮಗಾಗಿಯೇ ಏರ್ಪಡಿಸಿದ್ದು."

ಅವರು ಚಪ್ಪಾಳೆ ತಟ್ಟಿದರು. ಚಹಾಕ್ಕೆ ಪಕ್ಕದ ಕೋಣೆಗೆ ಕಳಿಸಿ, ಬಾಗಿಲು ಮುಚ್ಚಿ, ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದೆ. ಆಂಬುಲೆನ್ಸು ತನ್ನ ಜಾಗದಲ್ಲೇ ಇತ್ತು; ಚಕ್ರಗಳನ್ನು ಹಲ್ಲುಗಳು ಕಚ್ಚಿ ಹಿಡಿದಿದ್ದವು. ನರ್ಸ್ ಒಬ್ಬಳು ಆಕ್ಸಿಜನ್ನಿನ ಸಣ್ಣ ಸಿಲಿಂಡರ್ ಹೊತ್ತು ಆ ಒಂದೂವರೆ ಕಿಲೋಮೀಟರು ಓಡತೊಡಗಿದಳು. ಹಿಟ್ಟಿನ ಚೀಲ ಹೊತ್ತು ಬಾಳವ್ವ ನಡೆಯುತ್ತಿದ್ದ ದಾರಿ ಅದೇ.

ಗೇಟಿನಲ್ಲಿ ದ್ಯಾಮಣ್ಣ ಅವಳನ್ನು ಎತ್ತಿಕೊಂಡು ಕಾಲ್ನಡಿಗೆಯ ಬಾಗಿಲಿಗೆ ಬಂದ. ಅದನ್ನು ಒದ್ದ. ತಿರುಗಿ ಹೆದ್ದಾರಿಗೆ ಓಡಿ ಲಾರಿಗಳಿಗೆ ಕೈ ಮಾಡಿದ, ಯಾವುದೂ ನಿಲ್ಲಲಿಲ್ಲ. ಮತ್ತೆ ಗೇಟಿಗೆ ಬಂದು ನೆಲದ ಮೇಲೆ ಕುಳಿತು ಅವಳನ್ನು ಗೋಡೆಗೆ ಒರಗಿಸಿದ. ಆಟೋದವನು ಟವೆಲಿನಿಂದ ಗಾಳಿ ಹಾಕುತ್ತಿದ್ದ. ದ್ಯಾಮಣ್ಣ ಅವಳ ಕಾಲನ್ನು ಒತ್ತುತ್ತಿದ್ದ.

ನರ್ಸ್ ಗೇಟು ಮುಟ್ಟಿದಾಗ ಇನ್ನೂ ಎರಡು ನಿಮಿಷ ಬಾಕಿ ಇತ್ತು. ಅಷ್ಟರಲ್ಲಿ ಬಾಳವ್ವನ ಹೆಗಲಿನ ಏರಿಳಿತ ನಿಂತಿತ್ತು. ಹದಿನೈದು ನಿಮಿಷ ಮುಗಿಯುತ್ತಲೇ ಗೂಟಗಳು ನೆಲಕ್ಕಿಳಿದವು. ಯಂತ್ರ ಅವಳ ಮುಖವನ್ನು ಮತ್ತೊಮ್ಮೆ ನೋಡಿತು. ಕಣ್ಣು ಚಲಿಸುತ್ತಿಲ್ಲ, ತುಟಿ ನಡುಗುತ್ತಿಲ್ಲ. ಅಂಕ ಹನ್ನೊಂದು.

"ಬರ್ರಿ" ಎಂದಿತು, ದ್ಯಾಮಣ್ಣನ ದನಿಯಲ್ಲಿ.

ವಿಚಾರಣೆಗೆ ಸಮಿತಿ ಕೂತಿತು. ಹಳೆಯ ಮಾಹಿತಿ ತೆಗೆದು ನೋಡುವ ಕೆಲಸ ನನಗೇ ಬಂತು. ಮೊದಲ ಸಲ ಆ ಸಂಖ್ಯೆಯ ಹಿಂದಿನ ಮುಖವನ್ನು ತೆರೆದೆ. ಹಿಟ್ಟಿನ ಚೀಲ, ಆಟೋ, ಬಾಳವ್ವ. ನೂರ ಹದಿನಾರು ಸಲ.

ಇಡೀ ರೇಖೆಯನ್ನು ಬಿಡಿಸಿ ನೋಡಿದೆ. ಸುಳ್ಳುಗಾರರು ಬಂದಾಗ ಏರಿದ ನಾಡಿ, ಅವರ ಗಾಡಿ ತಿರುಗಿದ ಮೂರು ನಿಮಿಷಕ್ಕೆ ಇಳಿದುಬಿಡುತ್ತಿತ್ತು. ಬಾಳವ್ವನನ್ನು ಇಳಿಸಿದ ಮೇಲೆ ಮಾತ್ರ ಅದು ಇಳಿಯುತ್ತಿರಲಿಲ್ಲ. ಇಪ್ಪತ್ತೈದು, ಮೂವತ್ತು ನಿಮಿಷ ಹಾಗೇ ಹೊಡೆದುಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ನಲವತ್ತು. ಚೀಲ ಹೊತ್ತು, ದಮ್ಮಿನಲ್ಲಿ ನಿಂತು ನಿಂತು, ಅವಳು ಮನೆ ಮುಟ್ಟಲು ಹಿಡಿಯುವಷ್ಟು ಹೊತ್ತು. ಅವಳು ಮುಟ್ಟಿರಬೇಕು ಎಂದು ಅವನಿಗೆ ಅನ್ನಿಸಿದ ಮೇಲೆಯೇ ಅದು ಎಪ್ಪತ್ತೊಂದಕ್ಕೆ ಬರುತ್ತಿತ್ತು.

ಸಂಶಯಕ್ಕೂ ಎದೆ ಡವ್ ಎನ್ನುತ್ತದೆ, ಸಂಕಟಕ್ಕೂ ಎನ್ನುತ್ತದೆ. ಇಷ್ಟು ತಿಳಿಯಲು ಪ್ರಯೋಗಾಲಯ ಬೇಕಿರಲಿಲ್ಲ. ಅವನು ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿಸಿದ ಮುಖವನ್ನು ಆರಿಸಿ, ಇದೇ ದೊಡ್ಡ ಕಳ್ಳ ಎಂದು ನಾನು ಯಂತ್ರಕ್ಕೆ ಹತ್ತು ಸಲ ಹೇಳಿಕೊಟ್ಟಿದ್ದೆ. ಆ ದಿನ ನನಗೆ ನನ್ನ ಮೇಲೆ ಅಸಹ್ಯವಾಯಿತು. ಆದರೂ ವರದಿಯಲ್ಲಿ "ತರಬೇತಿ ಮಾಹಿತಿಯಲ್ಲಿ ಯಾವ ದೋಷವೂ ಇಲ್ಲ, ಯಂತ್ರವು ದ್ಯಾಮಣ್ಣನವರ ಮನಸ್ಸಿನಲ್ಲಿದ್ದುದನ್ನೇ ಕಲಿತಿದೆ" ಎಂದು ಬರೆದೆ. ಆರು ವಿಶ್ವವಿದ್ಯಾಲಯಗಳ ಒಪ್ಪಂದ ಮುಂದಿನ ವಾರವಿತ್ತು. ಮೂಲ ರೇಖೆಗಳನ್ನು ಅಳಿಸಿಹಾಕಿದೆ.

ಒಂದು ಭಾನುವಾರ ಬೆಳಿಗ್ಗೆ ದ್ಯಾಮಣ್ಣ ನನ್ನ ಮನೆಗೆ ಬಂದ, ಗೇಟಿನಿಂದ ನಡೆದುಕೊಂಡೇ. ಕುಳಿತುಕೋ ಎಂದರೂ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತ. ಕೈಯಲ್ಲಿ ಮಡಿಸಿದ ಪತ್ರಿಕೆಯ ತುಣುಕು.

"ಮೇಡಮ್ಮಾರ, ಪೇಪರಿನ್ಯಾಗ ಬಂದೈತ್ರಿ. ಮಶೀನು ನನ್ನ ಮನಸಿನ್ಯಾಗ ಇದ್ದದ್ದಷ್ಟ ಕಲ್ತೈತಂತ. ಖರೆ ಏನ್ರಿ?"

"ಖರೆ" ಎಂದೆ.

"ಹಂಗಾರ ನಾ ಅಕಿ ಮ್ಯಾಲ ಸಂಶೇ ಪಟ್ಟಿದ್ನೇನ್ರಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಲು ಕೇಳುತ್ತಿದ್ದ. "ಮೂವತ್ತೊಂದ ವರ್ಷ ಸಂಸಾರ ಮಾಡೇನ್ರಿ. ನನಗ ಒಂದ ದಿನಾನೂ ಹಂಗ ಅನಿಸಿದ್ದು ನೆಪ್ಪಿಲ್ರಿ. ನಿದ್ದಿ ಹತ್ತವಲ್ದು. ಪಟ್ಟಿ ಓದಿದವರು ನೀವ. ನನ್ನೊಳಗ ಏನಿತ್ತು ಹೇಳ್ರಿ, ಸಾಕು."

ಒಂದು ಮಾತು ಸಾಕಿತ್ತು. ನಿನ್ನೊಳಗೆ ಇದ್ದದ್ದು ಅವಳ ಮೇಲಿನ ಜೀವ, ಅದನ್ನು ತಪ್ಪು ಓದಿದವಳು ನಾನು. ಅಷ್ಟು ಹೇಳಿದ್ದರೆ ಅವನು ಅಂದು ಮಲಗುತ್ತಿದ್ದ. ಆ ಮಾತು ಅವನ ಬಾಯಿಂದ ಇನ್ನೊಬ್ಬರ ಕಿವಿಗೆ, ಅಲ್ಲಿಂದ ಪತ್ರಿಕೆಗೆ ಹೋಗಲು ಎರಡು ದಿನ ಹಿಡಿಯುತ್ತಿತ್ತು.

"ಮೈ ಸುಳ್ಳ ಹೇಳೂದಿಲ್ಲ ದ್ಯಾಮಣ್ಣ" ಎಂದೆ. "ಎಲ್ಲೋ ಒಳಗ ಇದ್ದಿರಬೇಕು, ನಿನಗ ಗೊತ್ತಿಲ್ಲದಂಗ."

ಅವನು ಪತ್ರಿಕೆಯ ತುಣುಕನ್ನು ಇನ್ನೊಂದು ಮಡಿಕೆ ಮಡಿಸಿದ.

"ಹಂಗೇನ್ರಿ" ಎಂದ. "ಅಕಿಗೆ ತಿಳಿದಿತ್ತೇನೋ ಮತ್ತ. ಕಾಲ ಒತ್ತೂಮುಂದ ಒಂದೊಂದ ಸಲ ಸುಮ್ನ ನನ್ನ ಮಾರಿ ನೋಡ್ಕೋತ ಇರ್ತಿದ್ಲು. ನಾ ಬ್ಯಾರೇನ ತಿಳ್ಕೊಂಡಿದ್ದೆ."

ಪತ್ರಿಕೆಯ ತುಣುಕನ್ನು ಜೇಬಿಗಿಟ್ಟು, ನನಗೆ ಕೈ ಮುಗಿದು, ಮೆಟ್ಟಿಲಿಳಿದು ಹೋದ. ಗೇಟಿನವರೆಗೂ ರಸ್ತೆಯ ಅಂಚಿನಲ್ಲೇ ನಡೆದದ್ದು ಕಾಣಿಸಿತು.

ಯಂತ್ರ ಈಗ ಹತ್ತೊಂಬತ್ತು ಕ್ಯಾಂಪಸ್ಸುಗಳಲ್ಲಿ ಅದೇ ದನಿಯಲ್ಲಿ ಮಾತಾಡುತ್ತಿದೆ. ನಾನು ದಿನಾ ಬೆಳಿಗ್ಗೆ ಪೇಟೆಗೆ ಹೋಗಿ ಒಂಬತ್ತೂವರೆಗೆ ತಿರುಗಿ ಬರುವಾಗ ಮುಖ್ಯ ಗೇಟಿನಲ್ಲಿ ಕಾರು ನಿಧಾನ ಮಾಡುತ್ತೇನೆ. "ಬರ್ರಿ" ಎನ್ನುತ್ತದೆ, ಗೂಟಗಳು ಇಳಿಯುತ್ತವೆ. ನನ್ನ ಅಂಕ ಎರಡು. ಇಡೀ ವಿಶ್ವವಿದ್ಯಾಲಯದಲ್ಲಿ ಅದಕ್ಕಿಂತ ಕಡಿಮೆ ಯಾರಿಗೂ ಇಲ್ಲ. ಹದಿನಾಲ್ಕು ತಿಂಗಳು ದಿನಕ್ಕೆ ಎರಡು ಸಲ ದ್ಯಾಮಣ್ಣನ ಮುಂದೆ ಹಾದು ಹೋಗಿದ್ದೆ. ನನ್ನನ್ನು ಕಂಡು ಅವನ ನಾಡಿ ಒಂದು ಸಲವೂ ಎಪ್ಪತ್ತೊಂದನ್ನು ದಾಟಿರಲಿಲ್ಲ.